ಒಲೆ ಹಚ್ಚುವ ಸದ್ದು

ಇಗರ್ಜಿಯ ಗಂಟೆ ಹನ್ನೆರಡು ಬಾರಿಸಿ ಸುಮ್ಮನಾದರೂ ಲೋರೆಟ್ಟಾಳ ಒಲೆ ಹತ್ತಿರಲಿಲ್ಲ. ನೀರು ತುಂಬಿದ ಪಾತ್ರೆ ಒಲೆಯ ಮೇಲಿತ್ತು. ಬೆಳಿಗ್ಗೆ ಹಿಟ್ಟು ಲಟ್ಟಿಸಿ ಅಗಲ ಶಾವಿಗೆಯಂತೆ ಕೊಯ್ದಿಟ್ಟ ತಾಲ್ಯತೆಲ್ಲೆ ಎಳೆಗಳು ಹಲಗೆಯ ಮೇಲೆ ಆರುತ್ತಿದ್ದವು. ಬೆಂಕಿಪೊಟ್ಟಣವೂ ಕೈಯಲ್ಲೇ ಇತ್ತು. ಬರಬೇಕಾದದ್ದು ಎರ್ಮೆಸ್‌ನ ಸದ್ದು ಮಾತ್ರ.

ಗಂಡ ಎರ್ಮೆಸ್ ಗುಡ್ಡದ ಕೆಳಗಿನ ಕಾರ್ಖಾನೆಯಲ್ಲಿ ಪರೀಕ್ಷಾ ಚಾಲಕ. ಹೊಸದಾಗಿ ಕಟ್ಟಿದ ಸ್ಪೋರ್ಟ್ಸ್ ಕಾರುಗಳನ್ನು ಗುಡ್ಡದ ರಸ್ತೆಯಲ್ಲಿ ಓಡಿಸಿ, ಎಲ್ಲಿ ಕುಂಟುತ್ತದೆ, ಎಲ್ಲಿ ಮುನಿಸಿಕೊಳ್ಳುತ್ತದೆ ಎಂದು ಹೇಳುವುದು ಅವನ ಕೆಲಸ. ಬೆಳಗಿನ ಕೊನೆಯ ಸುತ್ತಿನಲ್ಲಿ ಮನೆ ಮುಂದಿನ ತಿರುವಿಗೆ ಬಂದಾಗ ಗೇರು ಇಳಿಸಿ ಇಂಜಿನ್ನನ್ನು ಒಮ್ಮೆ ಗುಡುಗಿಸುತ್ತಿದ್ದ. ಕಿಟಕಿ ಗಾಜು ಝಲ್ಲೆನ್ನುತ್ತಿತ್ತು, ಲೋರೆಟ್ಟಾ ಕಡ್ಡಿ ಗೀರುತ್ತಿದ್ದಳು. ಅವನು ಕಾರು ಒಪ್ಪಿಸಿ ಸೈಕಲ್ ತುಳಿದು ಮನೆ ಸೇರುವಷ್ಟರಲ್ಲಿ ನೀರು ಕುದಿಯುತ್ತಿತ್ತು. ಮದುವೆಯಾದಾಗಿನಿಂದ ಹೀಗೇ. ಬೀದಿಯ ಅರ್ಧ ಮನೆಗಳ ಒಲೆಯೂ ಆ ಗುಡುಗಿಗೇ ಹತ್ತುತ್ತಿತ್ತು. ಗಡಿಯಾರ ಸುಳ್ಳು ಹೇಳೀತು, ಎರ್ಮೆಸ್ ಹೇಳಲಾರ ಎಂದು ಹೆಂಗಸರು ನಗುತ್ತಿದ್ದರು.

ಒಮ್ಮೆ ಮಾತ್ರ ಸದ್ದು ಬಂದಿರಲಿಲ್ಲ. ಅಂದು ಕಾರು ಹಳ್ಳಕ್ಕೆ ಉರುಳಿ, ಪಕ್ಕೆಲುಬು ಮುರಿದುಕೊಂಡ ಎರ್ಮೆಸ್ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ. ಆಮೇಲೆ ಲೋರೆಟ್ಟಾಳಿಗೆ ಆ ಗುಡುಗು ಬರೀ ಊಟದ ಕರೆಯಾಗಿ ಉಳಿಯಲಿಲ್ಲ. ಕೇಳಿಸಿದರೆ ಗಂಡ ಬದುಕಿದ್ದಾನೆ ಎಂದರ್ಥ.

ಅವಳಿಗೆ ಇನ್ನು ನಿಲ್ಲಲಾಗಲಿಲ್ಲ. ಏಪ್ರನ್ನು ಬಿಚ್ಚದೆ, ಮನೆಯೊಳಗಿನ ಚಪ್ಪಲಿಯಲ್ಲೇ ಬೀದಿಗಿಳಿದು ಓಡಿದಳು. ದೇವಮಾತೆಯೇ, ಇವತ್ತೊಂದು ದಿನ ಕಾಪಾಡು!

"ಏ ಹುಡುಗಿ! ಬಾಲಕ್ಕೆ ಬೆಂಕಿ ಬಿದ್ದೋರ ಥರ ಎಲ್ಲಿಗೇ ಓಟ?"

ಎದುರುಮನೆಯ ಝೆಲಿಂದಾ ಮುದುಕಿ. ಅರವತ್ತಾದರೂ ಲೋರೆಟ್ಟಾ ಅವಳಿಗೆ ಹುಡುಗಿಯೇ. ಮುದುಕಿಯ ಎದೆ ಕೆಟ್ಟು ವರ್ಷಗಳಾಗಿದ್ದವು. ಕಾರುಗಳ ಹೊಗೆ ನೇರ ಒಳಗೆ ನುಗ್ಗುತ್ತದೆಂದು ಬೀದಿಬದಿಯ ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿದ್ದಳು. ಇಂದು ಆ ಕಿಟಕಿ ಪೂರ್ತಿ ತೆರೆದಿತ್ತು.

"ಅಜ್ಜೀ, ಎರ್ಮೆಸ್ ಬಂದಿಲ್ಲ! ಸದ್ದೇ ಬರ್ಲಿಲ್ಲ!"

"ಬಂದ, ಹೋದ. ನಂಗೆ ಕೈ ಬೇರೆ ಬೀಸ್ದ. ಕಿಟಕಿ ತೆಗ್ದು ನೋಡಜ್ಜಿ ಅಂತ ನಿನ್ನೇನೇ ಹೇಳಿದ್ದ. ಬೆಕ್ಕು ಹೋದಂಗೆ ಹೋಯ್ತು ಕಣೇ ಕಾರು. ಹೊಗೆ ಇಲ್ಲ, ವಾಸ್ನೆ ಇಲ್ಲ." ಮುದುಕಿ ಎದೆತುಂಬ ಉಸಿರೆಳೆದುಕೊಂಡಳು. "ದೇವರು ಅವನನ್ನ ತಣ್ಣಗಿಟ್ಟಿರಲಿ."

ಲೋರೆಟ್ಟಾ ಅಲ್ಲೇ ಮುದುಕಿಯ ಮೆಟ್ಟಿಲ ಮೇಲೆ ಕೂತಳು. ಅಷ್ಟರಲ್ಲಿ ಎರ್ಮೆಸ್ ಸೈಕಲ್ ತುಳಿಯುತ್ತ ಏರು ಹತ್ತಿ ಬಂದ.

"ನೀರು ಕುದೀತಾ?"

"ನಿನ್ನ ತಲೆ ಕುದೀತು! ನನ್ನ ಪ್ರಾಣ ಬಾಯಿಗೆ ಬಂದಿತ್ತಲ್ಲೋ ಮಾರಾಯ! ಹಳ್ಳದಲ್ಲಿ ಹುಡುಕೋಕೆ ಹೊರಟಿದ್ದೆ!"

ಅವನು ಹಣೆ ಹಣೆ ಬಡಿದುಕೊಂಡ. ಎರಡು ವರ್ಷದಿಂದ ಅವನು ಆ ಹೊಸ ಕಾರಿನ ಬೆನ್ನು ಬಿದ್ದಿದ್ದು ಅವಳಿಗೂ ಗೊತ್ತಿತ್ತು. ಏರು ಹತ್ತಲು ಇಂಜಿನ್ನು, ಊರೊಳಗೆ ಬರೀ ಬ್ಯಾಟರಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಆ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ಮೊದಮೊದಲು, ಇದೇನು ಕಾರೋ ಹೊಲಿಗೆ ಯಂತ್ರವೋ ಎಂದು ಅವನೇ ಮೂಗು ಮುರಿದಿದ್ದ. ಅದು ರಸ್ತೆಗಿಳಿಯುವುದು ಇಂದೇ ಎಂದು ಮಾತ್ರ ಅವಳಿಗೆ ಹೇಳಿರಲಿಲ್ಲ.

"ಬ್ಯಾಟರಿ ಮೇಲೆ ಮೊದ್ಲು ಯಾವ ಬೀದೀಲಿ ಓಡ್ಸೋಣ ಅಂತ ಕೇಳಿದ್ರು. ನಮ್ಮ ಬೀದೀಲೇ ಅಂದೆ. ಇಷ್ಟು ವರ್ಷ ಈ ಅಜ್ಜಿಗೆ ಹೊಗೆ ಕುಡಿಸಿದ್ದೀನಲ್ಲ." ಅವನು ಮೆತ್ತಗೆ ಸೇರಿಸಿದ, "ಅಜ್ಜಿ ನೆನಪಿದ್ಲು, ನಿನ್ನ ಒಲೆ ಮರ್ತೇಹೋಯ್ತು. ಹೋಗ್ತಾ ನಿನ್ನ ಬೆನ್ನು ಕಾಣಿಸ್ತು. ನೀನು ಪಾತ್ರೆ ಮುಂದೆ ನಿಂತಿದ್ದೆ."

ಬೈಗುಳ ಇನ್ನೂ ಬಾಯಲ್ಲಿತ್ತು. ಆದರೆ ಅವನು ಎದುರಿಗೆ ನಿಂತಿದ್ದ, ಇಡಿಯಾಗಿ, ಬೆವರುತ್ತ. ಲೋರೆಟ್ಟಾ ಅವನ ತೋಳು ಹಿಡಿದು ಅತ್ತಳು. ಅತ್ತು ಮುಗಿಯುವ ಮೊದಲೇ ಬೀದಿಯ ಬಾಗಿಲುಗಳಲ್ಲಿ ಹೆಂಗಸರು ಕಾಣಿಸಿಕೊಂಡರು. "ಎರ್ಮೆಸ್, ನಮ್ಮನೆ ಒಲೇನೂ ಹತ್ತಿಲ್ಲ! ಇವತ್ತು ಊಟ ನಿನ್ನ ಕಾರ್ಖಾನೆ ಹಾಕುತ್ತಾ?" ಆ ದಿನ ಎಲ್ಲರಿಗೂ ಬ್ರೆಡ್ಡು, ಹ್ಯಾಮೇ ಗತಿಯಾಯಿತು.

ಮರುದಿನ ಮಧ್ಯಾಹ್ನ ಲೋರೆಟ್ಟಾ ಒಲೆಗೆ ಬೆನ್ನು ಹಾಕಿ ಕಿಟಕಿಯಲ್ಲಿ ನಿಂತಳು. ಎದುರು ಕಿಟಕಿಯಲ್ಲಿ ಝೆಲಿಂದಾ ಮೊಣಕೈಯೂರಿ ಕೂತಿದ್ದಳು. ತಿರುವಿನಲ್ಲಿ ಕೆಂಪು ಕಾರು ಸದ್ದಿಲ್ಲದೆ ಕಾಣಿಸಿಕೊಂಡಿತು. ಎರ್ಮೆಸ್ ತಲೆ ಹೊರಗೆ ಹಾಕಿ, ತರಕಾರಿ ಮಾರುವವನ ಹಾಗೆ ಕೂಗಿದ: "ಹಚ್ಚ್ರೇ ಒಲೇನಾ!"

ಬೀದಿಗೆ ಬೀದಿಯೇ ನಕ್ಕಿತು. ಲೋರೆಟ್ಟಾ ಕಡ್ಡಿ ಗೀರಿದಳು, ಆದರೆ ತಿರುಗಲಿಲ್ಲ. ಇಷ್ಟು ವರ್ಷ ಸದ್ದು ಕೇಳಿದೊಡನೆ ಒಲೆಯತ್ತ ತಿರುಗಿಬಿಡುತ್ತಿದ್ದಳು. ಅವನು ಆ ತಿರುವು ದಾಟುವುದನ್ನು ಒಮ್ಮೆಯೂ ನೋಡಿರಲಿಲ್ಲ. ಅವನ ಕೂದಲು ಗಾಳಿಗೆ ಹಾರುತ್ತಿತ್ತು. ಕಾರು ಮರೆಯಾಗುವವರೆಗೂ ನೋಡುತ್ತಲೇ ನಿಂತಳು. ಕಡ್ಡಿ ಉರಿದು ಬೆರಳಿಗೆ ಚುರುಕ್ಕೆಂದಿತು. ಕೈ ಕೊಡವಿಕೊಂಡು ಇನ್ನೊಂದು ಗೀರಿದಳು.