ಸರೂಬಾಯಿ ನನ್ನನ್ನು ಕತ್ತರಿಸಿದಳು

ನಾನು ಒಂದು ಫಿಲ್ಮ್ ಹಾಳೆ. ಗದಗಿನ ಸ್ಕ್ಯಾನಿಂಗ್ ಸೆಂಟರೊಂದರಲ್ಲಿ, ಹಂಚಿನಿಂದೆದ್ದ ದೋಸೆಯ ಹಾಗೆ ಬೆಚ್ಚಗೆ ಹುಟ್ಟಿದೆ. ಪಕ್ಕದ ಕೋಣೆಯ ಗುಹೆಯಂಥ ಅಯಸ್ಕಾಂತ ಅರ್ಧ ತಾಸು ಢಣಢಣ ಬಡಿದುಕೊಂಡು ಒಬ್ಬ ಹೆಂಗಸಿನ ತಲೆಯೊಳಗೆ ಇಣುಕಿತ್ತು. ಅದು ಕಂಡದ್ದೆಲ್ಲ ನನ್ನ ಮೈಮೇಲೆ ಇಪ್ಪತ್ತು ಪುಟ್ಟ ಚಿತ್ರಗಳಾಗಿ ಮೂಡಿತ್ತು. ಏಳು ಸಮುದ್ರದಾಚೆಯ ಗಿಣಿಯಲ್ಲಿ ರಾಕ್ಷಸನ ಪ್ರಾಣ ಅಡಗಿದ್ದಂತೆ ಆ ಹೆಂಗಸಿನ ಹಣೆಬರಹ ನನ್ನಲ್ಲೇ ಅಡಗಿದೆ ಎಂದು ನನಗೆ ಬಲು ಜಂಬ.

ಆಕೆ ಸರೂಬಾಯಿ. ಬೆಟಗೇರಿಯಲ್ಲಿ ನಲವತ್ತು ವರ್ಷಗಳಿಂದ ರವಿಕೆ ಹೊಲಿದವಳು. ಮಗಳು ಕುಂದಾ ಡಾಕ್ಟರ ಮುಂದೆ ಕೂತು ನಡೆದದ್ದು ಹೇಳಿದಳು. ನೆರೆಮನೆಯ ನೀಲವ್ವನ ಮಗಳ ಮದುವೆಯ ರವಿಕೆಗೆ ಅವ್ವ ಎರಡೂ ತೋಳು ಬಲಗೈಗೇ ಕತ್ತರಿಸಿದ್ದಳಂತೆ. "ನನ್ನ ಮಗಳಿಗೆ ಎಡಗೈ ಇಲ್ಲಂತ ಯಾರು ಹೇಳಿದ್ರು ಸರೂಬಾಯಾರ?" ಎಂದು ನೀಲವ್ವ ಓಣಿಗೆಲ್ಲ ಕೇಳುವಂತೆ ನಕ್ಕಿದ್ದಳಂತೆ.

ಡಾಕ್ಟರು ನನ್ನನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. "ನೋಡವಾ, ಕಿವಿಯ ಒಳಮಗ್ಗಲಾಗ ಎರಡೂ ಕಡೆ ಈ ಭಾಗ ಸೊರಗೇದ. ಹೊಸ ನೆನಪು ಕೂಡಿಡೂ ಜಾಗ ಇದು. ಇದೊಂದನ್ನ ನೋಡಿ ಹೇಳಾಕ ಬರೂದಿಲ್ಲ. ಆದ್ರ ಉಳಿದ ಪರೀಕ್ಷಾನೂ ಕೂಡಿಸಿದ್ರ ಅಲ್ಜೈಮರ್ ಶುರು ಆದಂಗ ಕಾಣ್ತದ."

ಸರೂಬಾಯಿ ಎದ್ದು ಬಂದು ನನ್ನನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. "ಇದರಾಗ ನನ್ನ ಕೈ ಎಲ್ಲೈತ್ರಿ?"

"ಕೈ ಕಾಣೂದಿಲ್ಲವಾ, ಇದು ತಲಿ ಚಿತ್ರ."

"ಹಂಗಾದ್ರ ನೀವು ಅರ್ಧಾ ಸರೂಬಾಯಿನ್ನ ನೋಡೀರಿ."

ಮನೆಗೆ ಬಂದ ದಿನವೇ ಕುಂದಾ ಕತ್ತರಿಯನ್ನು ಕಪಾಟಿನ ಮೇಲೆ ಎತ್ತಿಟ್ಟಳು. ನನ್ನನ್ನು ಗೋಡೆಗೆ ತೂಗುಹಾಕಿದಳು. ಅವ್ವ ಬಟ್ಟೆಗೆ ಕೈ ಹಾಕಿದರೆ ಸಾಕು, "ಅದನ್ನ ನೋಡು, ಸುಮ್ಮನ ಕೂಡು" ಎನ್ನುತ್ತ ನನ್ನ ಕಡೆ ಬೆರಳು ಮಾಡುವಳು. ಅವ್ವನ ಹೊಲಿಗೆ ಯಂತ್ರವನ್ನು ಕೊಳ್ಳಲೆಂದು ಒಬ್ಬಾಕೆ ಬಂದು ನೋಡಿಯೂ ಹೋದಳು. ನಾನು ಪೊಲೀಸನ ಹಾಗೆ ಬೀಗುತ್ತಿದ್ದೆ. ಗುಮ್ಮನನ್ನು ತೋರಿಸಿ ಮಕ್ಕಳನ್ನು ಸುಮ್ಮನಾಗಿಸುವುದಿದೆಯಲ್ಲ, ಆ ಗುಮ್ಮ ನಾನಾಗಿದ್ದೇನೆಂದು ನನಗೆ ಹೊಳೆಯಲೇ ಇಲ್ಲ.

ಒಂದು ಮಧ್ಯಾಹ್ನ ಕುಂದಾ ಅವ್ವನ ಗುಳಿಗೆ ತರಲು ಪೇಟೆಗೆ ಹೋದಳು. ಸರೂಬಾಯಿ ಸ್ಟೂಲು ಹತ್ತಿ ಕತ್ತರಿ ಇಳಿಸಿಕೊಂಡಳು. ಆಮೇಲೆ ನನ್ನನ್ನು. ಮೇಜಿನ ಮೇಲೆ ಹಾಸಿ, ಹರಿದು ಜೀರ್ಣವಾಗಿದ್ದ ತನ್ನ ರವಿಕೆ ತೋಳಿನ ಪೇಪರಿನ ಅಚ್ಚನ್ನು ಮೇಲಿಟ್ಟು, ನನ್ನ ಎದೆಯ ಮೇಲೆ ಗೆರೆ ಎಳೆದಳು. ಕತ್ತರಿ ಕರಕರ ಎಂದಿತು. ಸೊರಗಿದ ಭಾಗ, ಸೊರಗದ ಭಾಗ ಎಂದು ನೋಡದೆ ನಡುವೆಯೇ ಹಾಯ್ದು ಹೋಯಿತು. ನಾನು ಎರಡು ತೋಳಿನ ಅಚ್ಚಾದೆ, ಎಡಕ್ಕೊಂದು, ಬಲಕ್ಕೊಂದು. ಗೋಡೆಗೆ ಎರಡು ಮೊಳೆ ಹೊಡೆದಳು. ಕತ್ತರಿಸಬೇಕಾದ ತೋಳಿನ ಅಚ್ಚು ಈ ಮೊಳೆಗೆ, ಕತ್ತರಿಸಿ ಮುಗಿದದ್ದು ಆ ಮೊಳೆಗೆ. ಇನ್ನು ಯಾವ ತೋಳು ಮುಗಿಯಿತೆಂದು ತಲೆಯಲ್ಲಿ ಇಟ್ಟುಕೊಳ್ಳುವ ಹಂಗಿಲ್ಲ.

ಕುಂದಾ ಬಾಗಿಲಲ್ಲೇ ಚೀರಿದಳು. "ಅವ್ವಾ! ಇನ್ನ ಡಾಕ್ಟರ್ ಕೇಳಿದ್ರ ಏನ ತೋರಸ್ಲಿ?"

"ರವಿಕಿ ತೋರಸು."

ನೀಲವ್ವ ತಿರುಗಿ ಕೊಟ್ಟುಹೋಗಿದ್ದ ಮಗಳ ರವಿಕೆ ಮೇಜಿನ ಮೇಲಿತ್ತು, ಎಡಗೈಗೆ ಹೊಸ ತೋಳು ಕೂಡಿಸಿ. ಕುಂದಾ ಅದನ್ನು ಒಳಹೊರಗು ಮಾಡಿ, ಕಂಕುಳ ಹೊಲಿಗೆಯನ್ನು ಉಗುರಿನಿಂದ ಗೀರಿ, ತಪ್ಪು ಹುಡುಕಿದಳು. ಸಿಗಲಿಲ್ಲ. ಕತ್ತರಿಯನ್ನು ಕಪಾಟಿನ ಮೇಲಿಡಲು ಎತ್ತಿದವಳು ಅವ್ವನ ಮುಖ ನೋಡಿ ಮೇಜಿನ ಮೇಲೆಯೇ ಇಟ್ಟಳು.

ಇದೆಲ್ಲ ಆಗಿ ಮೂರು ವರ್ಷ. ನನ್ನ ಅಂಚು ಸವೆದಿದೆ, ಮೈತುಂಬ ಸೀಮೆಸುಣ್ಣದ ಗೀರು. ನಾನು ತೋರಿಸಿದ್ದು ಸುಳ್ಳಾಗಿರಲಿಲ್ಲ. ಬೇನೆ ತನ್ನ ಪಾಡಿಗೆ ತಾನು ಮುಂದುವರಿದಿದೆ. ಆದರೆ ಸರೂಬಾಯಿಯ ಬಗ್ಗೆ ಕೊನೆಯ ಮಾತು ಹೇಳುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ, ನಾನೇ ತೆಗೆದುಕೊಂಡಿದ್ದೆ. ಇಂದು ಬೆಳಿಗ್ಗೆ ಆಕೆ ಕುಂದಾಳನ್ನು ದಿಟ್ಟಿಸಿ, "ಯಾರ ಪೈಕಿ ನೀ?" ಎಂದಳು. ಕುಂದಾ ಸೆರಗು ಸಿಕ್ಕಿಸಿ ಮೇಜಿನ ಬಳಿ ಬಂದಳು. "ನಿಮ್ಮ ಕಡೆ ಹೊಲಿಗಿ ಕಲಿಯಾಕ ಬಂದೀನ್ರಿ."

"ಹಂಗ ನಿಂತ್ರ ಬರ್ತದೇನ?" ಎಂದು ಗದರಿದ ಸರೂಬಾಯಿ ಮೊಳೆಯಿಂದ ನನ್ನನ್ನು ಇಳಿಸಿ ಬಟ್ಟೆಯ ಮೇಲಿಟ್ಟಳು. "ಗಟ್ಟಿ ಹಿಡಿ. ಗೆರಿ ನಾ ಎಳೀತೀನಿ."