ಕೆಂಪು ತೋರಿಸಿದ ಕಂಬಿ

ಚಟ್ಟವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿದ ಅಪ್ಪಯ್ಯಣ್ಣ ಬಿರಬಿರನೆ ಮುಂದೆ ಬಂದು, ಬೆಂಕಿಯ ಮಡಕೆ ಹಿಡಿದು ನಡೆಯುತ್ತಿದ್ದ ಅಣ್ಣನ ಮಗಳು ಅಕ್ಷತಳ ಹತ್ತಿರ ಬೀಗದ ಕೈ ಕೇಳಿದ. ಬಾಶೆಟ್ಟಿಹಳ್ಳಿಯ ರೂಮಿನದು. ಅಲ್ಲಿ ಕೋಳಿ ಅಂಗಡಿ ಇಡಲು ಜನ ಸಿಕ್ಕಿದ್ದಾರಂತೆ. ಅಣ್ಣನ ಹೆಣ ಇನ್ನೂ ಸ್ಮಶಾನ ಮುಟ್ಟಿರಲಿಲ್ಲ.

"ನಿಮ್ಮಪ್ಪನ ಕೈಲೇ ಆಗ್ಲಿಲ್ಲ, ನೀನೇನವ್ವಾ ನಡೆಸ್ತೀಯ?"

ಅಕ್ಷತ ಮಡಕೆಯ ಹೊಗೆಯಿಂದ ಮುಖ ತಿರುಗಿಸಿ ನಡೆದಳು. ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ರೂಮು ನಡೆಸುವ ಆಸೆ ಅವಳಿಗೆ ಬೆಟ್ಟದಷ್ಟಿತ್ತು. ಆದರೆ ಅಪ್ಪನನ್ನೇ ನಂಬದ ಜನ ತನ್ನನ್ನು ನಂಬುತ್ತಾರೆಯೇ?

*

ಏರ್‌ಪೋರ್ಟ್ ಬಂದ ಮೇಲೆ ಎದ್ದ ಒಂದು ವಿಮಾನದ ಬಿಡಿಭಾಗದ ಕಂಪನಿಯಲ್ಲಿ ಅಕ್ಷತಳ ಅಪ್ಪ ರವಿಚಂದ್ರ ಕೆಲಸಕ್ಕಿದ್ದ. ಕಬ್ಬಿಣ ಕತ್ತರಿಸುವ ಮೊದಲೇ ಅದು ಎಲ್ಲಿ ಬಗ್ಗುತ್ತದೆ, ಎಲ್ಲಿ ಒಡೆಯುತ್ತದೆ ಎಂದು ಅಲ್ಲಿ ಕಂಪ್ಯೂಟರಿನಲ್ಲೇ ನೋಡಿಬಿಡುತ್ತಿದ್ದರು. ಅಂಥ ಭಾರಿ ಕಂಪ್ಯೂಟರು ಸಣ್ಣ ವರ್ಕ್‌ಶಾಪಿನವರಿಗೆ ಎಟುಕುವುದುಂಟೇ? ಕ್ಲೌಡ್ ಬಂದ ಮೇಲೆ, ಎಲ್ಲೋ ಇರುವ ಆ ಕಂಪ್ಯೂಟರನ್ನು ಇಂಟರ್‌ನೆಟ್ಟಿನಲ್ಲೇ ಬಾಡಿಗೆಗೆ ಹಿಡಿದು ಇವರಿಗೂ ಕೊಡಬಹುದೆಂದು ಅವನು ನೌಕರಿ ಬಿಟ್ಟ. ಬಾಶೆಟ್ಟಿಹಳ್ಳಿಯಲ್ಲಿ ರೂಮು ಹಿಡಿದು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. ವರ್ಕ್‌ಶಾಪಿನವರು ಬಂದರು, ಟೀ ಕುಡಿದರು, ಹೋದರು.

ಊರ ಸ್ಮಶಾನಕ್ಕೆ ಹೆಣ ಸುಡುವ ಕಬ್ಬಿಣದ ಚೌಕಟ್ಟು ಮಾಡುವ ಕೆಲಸ ವೆಲ್ಡಿಂಗ್ ವೆಂಕಟರಮಣಪ್ಪನಿಗೆ ಸಿಕ್ಕಿದಾಗ, ರವಿಚಂದ್ರ ತಾನಾಗಿಯೇ ಹೋಗಿ ಪುಕ್ಕಟೆ ಪರೀಕ್ಷೆ ಮಾಡಿ ತೋರಿಸಿದ. ಲ್ಯಾಪ್‌ಟಾಪಿನ ಪರದೆಯಲ್ಲಿ ಬೆಂಕಿ ಏರಿದ ಹಾಗೆ ಎಡಗಡೆಯ ಕಂಬಿ ನಟ್ಟನಡುವೆ ಕೆಂಪಾಗಿ ಜೋತುಬಿತ್ತು. ನಾಲ್ಕಾರು ಹೆಣ ಸುಟ್ಟ ಮೇಲೆ ಹೀಗಾಗುತ್ತದೆ, ಅಲ್ಲಿಗೆ ಇನ್ನೊಂದು ಕಾಲು ಕೊಡು ಎಂದ.

"ಯಾರ ತೂಕ ಹಾಕಿದ್ದೀಯಪ್ಪಾ ಅದ್ಕೆ?"

"ನಂದೇ ಕಣಣ್ಣ. ಬೇರೆಯೋರ್ದು ಹಾಕೋಕೆ ಮನಸ್ಸಾಗ್ಲಿಲ್ಲ."

ವರ್ಕ್‌ಶಾಪೆಲ್ಲ ನಕ್ಕಿತು. ಟಿವಿ ನೋಡಿಕೊಂಡು ವೆಲ್ಡಿಂಗ್ ಮಾಡುವ ಕಾಲ ಬಂತೆಂದು ವೆಂಕಟರಮಣಪ್ಪ ಗೇಲಿ ಮಾಡಿದ. ಜೊತೆಗೆ ಹೋಗಿದ್ದ ಅಕ್ಷತಳಿಗೆ ಆ ನಗು ಅಷ್ಟು ಚುಚ್ಚಲಿಲ್ಲ. ಅವರ ಜೊತೆ ಸೇರಿ ಅಪ್ಪನೂ ನಕ್ಕನಲ್ಲ, ಅದು ಚುಚ್ಚಿತು.

*

ಕೊಳ್ಳಿ ಇಟ್ಟವರು ತಿರುಗಿ ನೋಡಬಾರದು. ಅದೇ ಚೌಕಟ್ಟಿನ ಮೇಲಿದ್ದ ಅಪ್ಪನಿಗೆ ಅಕ್ಷತ ಬೆನ್ನು ಹಾಕಿ ನಡೆದಳು. ಹಿಂದೆ ವೆಂಕಟರಮಣಪ್ಪ ಯಾರಿಗೋ ಹೇಳುತ್ತಿದ್ದ.

"ಬುದ್ಧಿವಂತ ಕಣ್ರೀ. ಬದುಕೋಕೆ ಬರ್ಲಿಲ್ಲ ಅಷ್ಟೇ."

ಚಿತೆ ಜೋರಾಗಿ ಉರಿಯುವ ಹೊತ್ತಿಗೆ ಗೇಟಿನ ಹತ್ತಿರ ಅಪ್ಪಯ್ಯಣ್ಣ ಮತ್ತೆ ಕೈ ಚಾಚಿದ. ಸಾಕಾಗಿ ಹೋಗಿತ್ತು ಅವಳಿಗೆ. ಸೊಂಟದಿಂದ ಬೀಗದ ಕೈ ತೆಗೆದಳು.

ಆಗ ಹಿಂದೆ ಕಬ್ಬಿಣ ಕಿರುಗುಟ್ಟಿತು, ಸೌದೆ ಜಾರಿದ ಸದ್ದಾಯಿತು. ಬೇಡ ಬೇಡವೆಂದು ಹೆಂಗಸರು ತಡೆಯುತ್ತಿದ್ದರೂ ಅಕ್ಷತ ತಿರುಗಿ ನೋಡಿದಳು. ಎಡಗಡೆಯ ಕಂಬಿ ನಟ್ಟನಡುವೆ ಕೆಂಪಾಗಿ ಜೋತುಬಿದ್ದಿತ್ತು. ಅಪ್ಪ ಒಂದು ಪಕ್ಕಕ್ಕೆ ವಾಲಿದ್ದ.

ವೆಂಕಟರಮಣಪ್ಪ ಗಳ ಎತ್ತಿಕೊಂಡು ಓಡಿ ಬಗ್ಗಿದ ಕಂಬಿಗೆ ಆನಿಸಿ ಹಿಡಿದ. ಇನ್ನೊಂದು ಕಾಲು ಇರಬೇಕಾಗಿದ್ದ ಜಾಗ ಅದು. ಹೊಗೆ ಮುಖಕ್ಕೇ ರಾಚುತ್ತಿತ್ತು, ಬಿಟ್ಟು ಬರುವ ಹಾಗಿರಲಿಲ್ಲ. ಜನ ಅವನನ್ನೇ ನೋಡುತ್ತ ನಿಂತರು.

ಅಕ್ಷತ ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಪ್ಪಯ್ಯಣ್ಣ ಚಾಚಿದ ಕೈಯನ್ನು ಪಂಚೆಗೆ ಒರೆಸಿಕೊಂಡ.