ಒಂದು ಬೆಳೆಯ ಕಾಲ್ಗುಣ

ದಿಬ್ಬೂರಹಳ್ಳಿಯ ಅಕ್ಕಯ್ಯಮ್ಮನವರ ಮನೆಯಲ್ಲಿ ಹೊಸ ಸೊಸೆಯ ಕಾಲ್ಗುಣ ತೀರ್ಮಾನಿಸುವುದು ರೇಷ್ಮೆ ಹುಳು. ಮದುವೆಯ ನಂತರ ಮನೆಗೆ ಬರುವ ಮೊದಲ ಚಾಕಿ ಹುಳುಗಳಿಗೆ, ಅಂದರೆ ಎಳೆಯ ಮರಿಹುಳುಗಳಿಗೆ, ಮೊದಲ ಸೊಪ್ಪನ್ನು ಸೊಸೆಯೇ ಹಾಕಬೇಕು. ಬೆಳೆ ಚೆನ್ನಾಗಿ ಬಂದರೆ ಅವಳು ಹುಳುಮನೆಯ ಸೊಸೆ. ಕೆಟ್ಟರೆ ಮತ್ತೆಂದೂ ಆ ಹೊಸಿಲು ದಾಟುವ ಹಾಗಿಲ್ಲ.

ಹಿರಿಯ ಸೊಸೆ ಶಿರೀಷಾ ಮತ್ತೆ ದಾಟಿರಲಿಲ್ಲ. ಅವಳ ಮೊದಲ ಬೆಳೆಗೆ ಹಾಲುತೊಂಡೆ ರೋಗ ಬಿದ್ದು, ನೂರು ಮೊಟ್ಟೆಗೆ ಐವತ್ತೇಳು ಕೆಜಿ ಗೂಡು ಮಾತ್ರ ಬಂದಿತ್ತು. ಒಂದು ಚಿಟ್ಟೆ ಇಡುವ ನಾನೂರು ಐನೂರು ಮೊಟ್ಟೆಗಳ ಗುಂಪನ್ನು ಈ ಕಡೆ ಒಂದು ಮೊಟ್ಟೆ ಎಂದೇ ಎಣಿಸುತ್ತಾರೆ. ನೂರಕ್ಕೆ ಎಪ್ಪತ್ತು ಕೆಜಿಯಾದರೂ ಬರಬೇಕು ಎಂಬುದು ಎಲ್ಲರ ಆಸೆ. ಆಮೇಲೆ ಶಿರೀಷಾ ಗಂಡ ರಮೇಶ್‌ಬಾಬು ಜೊತೆ ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿದಳು. ಹಬ್ಬಕ್ಕೆ ಬಂದಾಗ ಅತ್ತೆ ಹುಳುಮನೆಯೊಳಗಿದ್ದರೆ, ಕಿಟಕಿಯ ಜಾಲರಿಯ ಹೊರಗೆ ನಿಂತು ಮಾತಾಡಿಸುತ್ತಿದ್ದಳು. ಯಾರೂ ಅವಳನ್ನು ಬೈದಿರಲಿಲ್ಲ. ಬೈಯುವ ಅಗತ್ಯವೂ ಇರಲಿಲ್ಲ, ತೀರ್ಪು ಆಗಿಹೋಗಿತ್ತು.

ಈಗ ಕಿರಿಯ ಸೊಸೆ ಹರಿತಾಳ ಸರದಿ. ಹರಿತಾ ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. ಗಂಡ ಸುನೀಲ್‌ಕುಮಾರ್ ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು, ಶನಿವಾರ ರಾತ್ರಿ ಬಂದು ಸೋಮವಾರ ಬೆಳಗ್ಗೆ ಹೋಗುತ್ತಾನೆ. ಉಳಿದ ದಿನ ಅವಳಿಗೆ ಜೊತೆ ಅತ್ತೆಯೇ. ಮನೆಯೊಳಗೆ ಅತ್ತೆ ಗಂಭೀರ. ಹುಳುಮನೆಗೆ ಕಾಲಿಟ್ಟರೆ ಅವರೇ ಬೇರೆ: ಹುಳುಗಳ ಜೊತೆ ತೆಲುಗಿನಲ್ಲಿ ಮಾತು, ಊರವರ ಅಣಕ, ಹಳೆಯ ಹಾಡಿನ ಅರ್ಧ ಸಾಲು. ಅದನ್ನೆಲ್ಲ ಹರಿತಾ ಬಾಗಿಲಿನಾಚೆಯಿಂದ ಕೇಳಿಸಿಕೊಂಡಿದ್ದಳು. ಆ ಬಾಗಿಲಿನೊಳಗೆ ತಾನೂ ಇರಬೇಕು ಎಂಬ ಆಸೆ ಅವಳಿಗೆ ಬಲವಾಗಿತ್ತು.

ಚಾಕಿ ಬಂದ ದಿನ ಅವಳು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲದ್ದಿ ಒಳಗೆ ಹೋದಳು.

"ಬಲಗೈನಾಗೆ ಹಾಕಮ್ಮ. ಒಂದೇ ಕಡೆ ಗುಡ್ಡೆ ಹಾಕ್ಬೇಡ, ಹರಡು," ಎಂದರು ಅಕ್ಕಯ್ಯಮ್ಮ.

ಹರಿತಾ ಹಿಪ್ಪುನೇರಳೆ ಸೊಪ್ಪನ್ನು ಹರಡಿ ಕೇಳಿದಳು. "ಅತ್ತೆ, ಬೆಳೆ ಕೆಟ್ರೆ ನಿಜವಾಗ್ಲೂ ನನ್ನ ಒಳಗೆ ಬಿಡಲ್ವಾ?"

"ಬಿಡಲ್ಲ. ನಂದೇನೂ ದ್ವೇಷ ಇಲ್ಲಮ್ಮ. ಹುಳ ಹೇಳ್ದಂಗೆ ನಾವು ಕೇಳ್ಬೇಕು."

"ಒಂದೇ ಸಲ ಹೇಳಿದ್ರೆ ಸಾಕಾ?"

"ಇನ್ನೆಷ್ಟ್ ಸಲ ಹೇಳ್ಬೇಕು? ಅದೇನು ನೀನು ಮಾಡೋ ಪಾಠಾನಾ, ಹೇಳಿದ್ದೇ ಹೇಳಕ್ಕೆ?"

ಆ ವಾರ ಕಾಲೇಜಿನಲ್ಲಿ ಅವಳು ಹೇಳಿದ್ದನ್ನೇ ಹೇಳುತ್ತಿದ್ದುದು ನಿಜ. ಪಾಠ, ಒಂದು ಊಹೆಯನ್ನು ಪರೀಕ್ಷಿಸುವಾಗ ಆಗುವ ಎರಡು ತಪ್ಪುಗಳದು. ಮುಂದಿನ ಬೆಂಚಿನ ತನುಜ ಕೈಯೆತ್ತಿದಳು.

"ಮಿಸ್, ಒಂದನೇ ತಪ್ಪು ಯಾವ್ದು, ಎರಡನೇದು ಯಾವ್ದು ಅಂತ ಎಕ್ಸಾಮ್ ಹಾಲ್‌ಗೆ ಹೋದ್ರೆ ಉಲ್ಟಾ ಆಗ್ತದೆ ಮಿಸ್."

ಹರಿತಾ ಹಲಗೆಯ ಮೇಲಿದ್ದ ಸೂತ್ರಗಳನ್ನು ಒರೆಸಿ ಒಂದು ಹುಳುವಿನ ಚಿತ್ರ ಬರೆದಳು. ಅದು ನೋಡಲು ಬೆಂಡೆಕಾಯಿಯ ಹಾಗಿತ್ತು. ತರಗತಿ ನಕ್ಕಿತು.

"ಇದು ರೇಷ್ಮೆ ಹುಳ. ನಗಬೇಡಿ. ಇದು ಆರೋಗ್ಯವಾಗಿದೆ ಅಂತ ಮೊದ್ಲು ಇಟ್ಕೊಳ್ಳೋಣ. ಇದರ ಮೇಲೆ ಅನುಮಾನ ಬಂತು. ರೋಗ ಇಲ್ದಿದ್ರೂ ಇದೆ ಅಂತ ಎತ್ತಿ ಬಿಸಾಕಿದ್ರೆ ಒಂದನೇ ತಪ್ಪು. ರೋಗ ಇದ್ರೂ ಇಲ್ಲ ಅಂತ ತಟ್ಟೆಯಲ್ಲೇ ಬಿಟ್ರೆ ಎರಡನೇ ತಪ್ಪು."

"ಎರಡೂ ಆಗ್ದಂಗೆ ಮಾಡಕ್ಕಾಗಲ್ವಾ ಮಿಸ್?"

"ಪೂರ್ತಿ ಆಗಲ್ಲಮ್ಮ. ಚೂರು ಅನುಮಾನ ಬಂದ್ರೂ ಬಿಸಾಕಿದ್ರೆ ಒಂದನೇದು ಹೆಚ್ಚುತ್ತೆ. ಖಾತ್ರಿ ಆಗೋವರೆಗೂ ಕಾಯ್ತೀನಿ ಅಂದ್ರೆ ಎರಡನೇದು ಹೆಚ್ಚುತ್ತೆ. ಎರಡೂ ಒಟ್ಟಿಗೆ ಕಮ್ಮಿ ಆಗ್ಬೇಕು ಅಂದ್ರೆ ಇನ್ನೂ ಹೆಚ್ಚು ಸಲ ನೋಡ್ಬೇಕು. ಬೇರೆ ದಾರಿ ಇಲ್ಲ."

"ಹಂಗಾದ್ರೆ ಯಾವ ತಪ್ಪು ದೊಡ್ಡದು?"

"ಅದನ್ನ ಗಣಿತ ಹೇಳಲ್ಲ. ಬಿಸಾಕಿದ್ದು ಏನು ಅನ್ನೋದರ ಮೇಲೆ ನಿಂತಿರುತ್ತೆ."

ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ತನ್ನದೇ ಉತ್ತರ ಅವಳನ್ನು ಕಾಡಿತು. ಶಿರೀಷಕ್ಕನ ಮೇಲೆ ಅನುಮಾನ ಬಂದಿದ್ದು ಒಂದೇ ಸಲ. ಎರಡನೇ ಸಲ ಯಾರೂ ನೋಡಿಯೇ ಇಲ್ಲ.

ನಾಲ್ಕನೇ ಜ್ವರ ಕಳೆಯಿತು. ಹುಳು ಮೇವು ಬಿಟ್ಟು ಚರ್ಮ ಕಳಚುವುದಕ್ಕೆ ಇಲ್ಲಿ ಜ್ವರವೆಂದು ಹೆಸರು. ನಾಲ್ಕು ಜ್ವರ ಮುಗಿದರೆ ಕೊನೆಯ ಹಂತ, ಹುಳು ಹಗಲಿರುಳು ತಿನ್ನುವ ಕಾಲ. ಅದರ ಮೂರನೇ ದಿನ ತಟ್ಟೆಯ ಅಂಚಿನಲ್ಲಿ ಕೆಲವು ಹುಳುಗಳು ಮೇವು ಬಿಟ್ಟು ಅಲೆಯುತ್ತಿದ್ದವು. ಮೈ ಹೊಳೆಯುತ್ತಿತ್ತು, ಉಂಗುರ ಉಂಗುರವಾಗಿ ಊದಿತ್ತು. ಮುಟ್ಟಿದರೆ ಹಾಲಿನಂಥ ನೀರು. ಹಾಲುತೊಂಡೆ.

ಅಕ್ಕಯ್ಯಮ್ಮ ಸುಣ್ಣದ ನೀರಿನ ಬೋಗುಣಿ ತಂದು ಹುಳು ಆರಿಸತೊಡಗಿದರು. ಪಕ್ಕದ ಮನೆಯ ಕದಿರಮ್ಮ ಕಿಟಕಿಯಿಂದ ಇಣುಕಿದರು.

"ಏಮಕ್ಕಾ, ಬಂತಾ? ನಾನ್ ಹೇಳಿರ್ಲಿಲ್ವಾ, ಓದಿರೋ ಸೊಸೇರ ಕಾಲ್ಗುಣ ನಂಬಕ್ಕಾಗಲ್ಲ ಅಂತ!"

"ನಿಮ್ಮನೆ ಸೊಸೆ ಏಳ್ನೇ ಕ್ಲಾಸು. ಹೋದ್ ಬೆಳೆ ನಿಮ್ದ್ಯಾಕ್ ಸುಣ್ಣಕಟ್ಟು ರೋಗ ಬಂದ್ ಹಾಳಾಯ್ತು? ಹೋಗಮ್ಮ, ಹೋಗಿ ಸಾರಿಗ್ ಇಡು," ಎಂದರು ಅಕ್ಕಯ್ಯಮ್ಮ, ತಲೆಯೆತ್ತದೆ. ಆದರೆ ಕದಿರಮ್ಮ ಹೋದ ಮೇಲೆ ಅವರು ಸೊಸೆಯ ಕಡೆ ಒಮ್ಮೆ ನೋಡಿದ ನೋಟದಲ್ಲಿ ಅದೇ ಅನುಮಾನವಿತ್ತು.

ಹರಿತಾ ಪಕ್ಕದಲ್ಲಿ ಕೂತು ತಾನೂ ಆರಿಸಿದಳು. ಅತ್ತೆ ಬಿಸಾಡಿದ ಒಂದು ಹುಳುವನ್ನು ತೋರಿಸಿದಳು. "ಇದು ಚೆನ್ನಾಗೇ ಇತ್ತಲ್ಲ ಅತ್ತೆ?"

"ಇದ್ದಿರ್ಬೋದು."

"ಮತ್ತೆ?"

"ಒಳ್ಳೇದು ಹತ್ತು ಹೋದ್ರೆ ಹತ್ತೇ ಹೋಯ್ತು. ಕೆಟ್ಟದ್ದೊಂದು ಉಳಿದ್ರೆ ತಟ್ಟೆ ಪೂರ್ತಿ ಹೋಗ್ತದೆ. ನೋಡ್ತಾ ಕೂತ್ಕೊಳ್ಳಕ್ಕೆ ಇದೇನು ಸಿನಿಮಾನಾ?"

ಹರಿತಾ ಒಪ್ಪಿದಳು. ಹುಳುವಿನ ವಿಷಯದಲ್ಲಿ ಒಂದನೇ ತಪ್ಪು ಅಗ್ಗ, ಎರಡನೆಯದು ದುಬಾರಿ. ಅತ್ತೆಯ ಕೈ ಸರಿಯಾಗಿಯೇ ಓಡುತ್ತಿತ್ತು. ಆದರೆ ಅದೇ ಕೈ, ಅದೇ ವೇಗದಲ್ಲಿ, ಒಬ್ಬ ಹೆಂಗಸನ್ನೂ ಆರಿಸಿ ಹೊರಗಿಟ್ಟಿತ್ತು. ನಾಳೆ ತನ್ನನ್ನೂ ಇಡಬಹುದು.

ಭಾನುವಾರ ಮಾವ ಚನ್ನಕೇಶವ ತೋಟದಿಂದ ಸೊಪ್ಪಿನ ಹೊರೆ ತಂದು ಕೆಡವಿದಾಗ ಅವಳು ನೀರು ಕೊಟ್ಟು ಕೇಳಿದಳು.

"ಮಾವ, ನಮ್ಮನೆ ಬೆಳೆ ಸಾಮಾನ್ಯವಾಗಿ ಎಷ್ಟು ಬರುತ್ತೆ? ನೂರು ಮೊಟ್ಟೆಗೆ?"

ಚನ್ನಕೇಶವರಿಗೆ ಬೆಳೆಗಳೆಲ್ಲ ನೆನಪಿದ್ದವು. "ಸುನೀಲ ಹತ್ತನೇ ಕ್ಲಾಸ್ ಪಾಸಾದಾಗ ಎಂಬತ್ತು. ಬೋರ್ ಮೋಟ್ರು ಸುಟ್ಟೋದಾಗ ಅರವತ್ತೊಂದು. ಮಧ್ಯ ಒಂದ್ ಬೆಳೆ ಐವತ್ತೈದಕ್ಕೆ ಬಿತ್ತು. ಅವಾಗ ಯಾವ್ ಸೊಸೇನೂ ಇರ್ಲಿಲ್ಲಮ್ಮ, ನಿಮ್ಮತ್ತೇನೇ ಸೊಪ್ಪು ಹಾಕಿದ್ದು. ಬರ್ದ್ ಬಿಟ್ಟೀಯಾ, ನಂಗೆ ಊಟ ಹಾಕಲ್ಲ ಆಮೇಲೆ."

ಅವರು ಒಂದೊಂದಾಗಿ ಹೇಳಿದ ಬೆಳೆಗಳನ್ನೆಲ್ಲ ಹರಿತಾ ಜಗಲಿಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕಿದಳು. ಸರಾಸರಿ ಅರವತ್ತೆಂಟರ ಹತ್ತಿರ. ಬೆಳೆಯಿಂದ ಬೆಳೆಗೆ ಏರಿಳಿತ ಎಷ್ಟೆಂದರೆ, ಐವತ್ತೈದರಿಂದ ಎಂಬತ್ತೊಂದರ ನಡುವೆ ಎಷ್ಟು ಬಂದರೂ ಅದು ಈ ಮನೆಗೆ ಹೊಸದಲ್ಲ.

"ಈ ಸಲ ಎಷ್ಟ್ ಬರ್ತದೆ, ಹೇಳು ನೋಡಣ," ಎಂದರು ಮಾವ.

"ಐವತ್ತೈದರಿಂದ ಎಂಬತ್ತೊಂದರ ಒಳಗೆ ಬರ್ಬೋದು ಮಾವ."

"ಥೂ! ಇಷ್ಟ್ ಅಗಲದ ಬಾಗಿಲಲ್ಲಿ ಎತ್ತಿನ ಗಾಡಿ ಅಡ್ಡಡ್ಡ ಹೋಗ್ತದೆ. ಇದಕ್ಕೆ ಎಂಎಸ್ಸಿ ಯಾಕಮ್ಮ?"

"ಬಾಗಿಲು ಇಷ್ಟು ಅಗಲ ಅಂತ ಒಪ್ಕೊಳ್ಳೋಕೇ ಎಂಎಸ್ಸಿ ಬೇಕು ಮಾವ. ಕಿರಿದು ಮಾಡ್ಬೇಕಾದ್ರೆ ತುಂಬಾ ಬೆಳೆ ನೋಡಿರ್ಬೇಕು."

ಹಾಲುತೊಂಡೆ ಹರಡಲಿಲ್ಲ. ಹುಳುಗಳು ಹಣ್ಣಾದವು, ಬಿದಿರಿನ ತಟ್ಟೆಯಾದ ಚಂದ್ರಿಕೆ ಹತ್ತಿದವು, ಗೂಡು ಕಟ್ಟಿದವು. ಗೂಡು ಬಿಡಿಸುವ ದಿನ ಮನೆಯೆಲ್ಲ ಕೂತು ಬಿಡಿಸಿತು. ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ಬಂದ ಚನ್ನಕೇಶವ ಅಂಗಳದಿಂದಲೇ ಕೂಗಿದರು: "ಎಪ್ಪತ್ತಾರು!"

ಅಕ್ಕಯ್ಯಮ್ಮ ಸೆರಗು ಸಿಕ್ಕಿಸಿಕೊಂಡು ನೇರವಾಗಿ ಕಾಂಪೌಂಡಿನ ಹತ್ತಿರ ಹೋದರು. "ಕದಿರಮ್ಮಾ! ಎಪ್ಪತ್ತಾರಂತೆ! ಓದಿರೋ ಸೊಸೆ ಕಾಲ್ಗುಣ ಕಣೇ, ಕೇಳಿಸ್ತಾ?" ಹಿಂದಿರುಗಿ ಬಂದು ಸೊಸೆಯ ಹಣೆಗೆ ಕುಂಕುಮವಿಟ್ಟರು. "ಇವತ್ನಿಂದ ಹುಳುಮನೆ ನಿಂದೂನೂವೆ. ಬಾರಮ್ಮ, ತಟ್ಟೆ ತೊಳೆಯಣ."

ಹರಿತಾ ಬಯಸಿದ್ದು ಇದನ್ನೇ. ಬಾಗಿಲು ತೆರೆದಿತ್ತು, ಒಳಗೆ ಹೋದರೆ ಮುಗಿಯಿತು. ಆದರೆ ಎಪ್ಪತ್ತಾರನ್ನು ಒಪ್ಪಿಕೊಂಡರೆ ಶಿರೀಷಕ್ಕನ ಐವತ್ತೇಳನ್ನೂ ಒಪ್ಪಿಕೊಂಡ ಹಾಗೆ. ಎರಡೂ ಮಾವ ಅಣಕಿಸಿದ ಅದೇ ಅಗಲ ಬಾಗಿಲಿನೊಳಗೆ ಬರುವ ಸಂಖ್ಯೆಗಳು. ಅವಳು ಹೊಸಿಲ ಹೊರಗೇ ನಿಂತಳು.

"ಅತ್ತೆ, ಒಂದು ಬೆಳೆ ಚೆನ್ನಾಗಿ ಬಂದಿದ್ದಕ್ಕೆ ನನ್ನ ಒಳಗೆ ಕರೀಬೇಡಿ."

"ಏನಾಯ್ತೇ ನಿಂಗೆ?"

"ಸರಾಸರಿಗಿಂತ ಎಂಟು ಕೆಜಿ ಹೆಚ್ಚು ಬಂತು. ನಿಮ್ಮ ಕೈಯಲ್ಲೂ ಎಂಬತ್ತು ಬಂದಿದೆ, ಐವತ್ತೈದೂ ಬಂದಿದೆ. ನನ್ನ ಕಾಲ್ಗುಣದಿಂದ ಬಂದಿದ್ದೆಷ್ಟು ಅಂತ ಈ ಒಂದು ಬೆಳೆ ನೋಡಿ ಅಂದಾಜು ಮಾಡಿದ್ರೆ, ಐದು ಕೆಜಿ ಕಳೆದಿರ್ಬೋದು, ಇಪ್ಪತ್ತು ಕೂಡಿಸಿರ್ಬೋದು. ಏನೂ ಮಾಡ್ದೆ ಇರ್ಬೋದು. ಸೊನ್ನೇನೂ ಅದ್ರೊಳಗೇ ಇದೆ. ಶಿರೀಷಕ್ಕಂದೂ ಹಂಗೇ. ಅವ್ರನ್ನ ಹೊರಗಿಟ್ಟು ನನ್ನ ಒಳಗೆ ಕರ್ದ್ರೆ ಲೆಕ್ಕ ತಪ್ಪಾಗುತ್ತೆ. ಇಬ್ರನ್ನೂ ಕರೀರಿ. ಇಲ್ಲಾಂದ್ರೆ ನಾನೂ ಹೊರಗೇ ಇರ್ತೀನಿ."

ಅಕ್ಕಯ್ಯಮ್ಮನವರ ಮುಖ ಬಿಗಿಯಿತು. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು. "ಅಂದ್ರೆ ಕಾಲ್ಗುಣ ಅನ್ನೋದೇ ಇಲ್ಲ ಅಂತೀಯ? ನಮ್ಮತ್ತೆ ಕಾಲದಿಂದ ಬಂದಿದ್ದು ಸುಳ್ಳಾ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಹರಿತಾಳಿಂದ ಅದಾಗಲಿಲ್ಲ.

"ಇಲ್ಲ ಅಂತ ಹೇಳಲ್ಲ ಅತ್ತೆ. ಇದೆ ಅನ್ನೋಕೆ ಸಾಕ್ಷಿ ಸಾಲಲ್ಲ ಅಂತೀನಿ. ಸಾಕ್ಷಿ ಸಾಲಲ್ಲ ಅಂದ್ರೆ ಇಲ್ಲ ಅಂತ ಅಲ್ಲ."

"ಹಂಗಾದ್ರೆ ಇಲ್ಲ ಅಂತಾನೂ ನಿಂಗ್ ಗೊತ್ತಿಲ್ಲ!"

"ಗೊತ್ತಿಲ್ಲ."

"ಕೇಳಿಸ್ತಾ ರೀ?" ಅಕ್ಕಯ್ಯಮ್ಮ ಗಂಡನ ಕಡೆ ತಿರುಗಿದರು. ಗೆದ್ದವರ ಉತ್ಸಾಹ ಧ್ವನಿಯಲ್ಲಿತ್ತು. "ಕಾಲೇಜ್ ಮೇಡಮ್ಮೇ ಗೊತ್ತಿಲ್ಲ ಅಂತಾಳೆ!"

"ಗೊತ್ತಾಗೋ ದಾರಿ ಇದೆ ಅತ್ತೆ. ವರ್ಷಕ್ಕೆ ಐದಾರು ಬೆಳೆ ತೆಗೀತೀವಿ. ಪ್ರತಿ ಸಲ ಮೊದಲ ಸೊಪ್ಪು ಯಾರು ಹಾಕ್ಬೇಕು ಅಂತ ಚೀಟಿ ಎತ್ತೋಣ. ನಾವೇ ಆರಿಸಿದ್ರೆ ಸರಿಯಾಗಿ ಬರದ ಬೇಸಿಗೆ ಬೆಳೆಯೆಲ್ಲ ಒಬ್ರ ತಲೆಗೇ ಬೀಳುತ್ತೆ. ನಾಕೈದು ವರ್ಷ ಹಿಂಗೇ ನೋಡಿ, ಆಮೇಲೆ ಹೇಳೋಣ. ಅಲ್ಲೀವರೆಗೂ ಯಾರನ್ನೂ ಹೊರಗೆ ನಿಲ್ಲಿಸೋ ಹಾಗಿಲ್ಲ."

"ಚೀಟಿನಾಗೆ ಯಾರ್ಯಾರ ಹೆಸ್ರು?"

"ನಂದು, ಶಿರೀಷಕ್ಕಂದು, ನಿಮ್ದು."

"ನಂದ್ಯಾಕೆ?"

ಚನ್ನಕೇಶವ ಬಾಯಲ್ಲಿದ್ದ ನೀರು ಉಗುಳಿ ನಕ್ಕರು. "ಇರ್ಲಿ ಕಣೇ! ನಿನ್ ಕಾಲ್ಗುಣ ನೋಡ್ಬೇಕು ಅಂತ ಮದ್ವೆ ಆದಾಗ್ನಿಂದ ಕಾಯ್ತಾ ಇದೀನಿ."

"ನೀವ್ ಸುಮ್ನಿರಿ. ನಿಮ್ದೂ ಹಾಕಿಸ್ತೀನಿ." ಅಕ್ಕಯ್ಯಮ್ಮ ಕೆಳಗಿಟ್ಟಿದ್ದ ತಟ್ಟೆಯನ್ನು ಎತ್ತಿಕೊಂಡು ಮೆತ್ತಗೆ ಹೇಳಿದರು. "ಫೋನ್ ಮಾಡಮ್ಮ ಅವ್ಳಿಗೆ."

ಫೋನಿನಲ್ಲಿ ಶಿರೀಷಾ ಪೂರ್ತಿ ಕೇಳಿಸಿಕೊಂಡು ಮೊದಲು ಬೈದಳು. "ನಿಂಗ್ಯಾರ್ ಹೇಳಿದ್ರೇ ನನ್ ಪರವಾಗಿ ವಾದ ಮಾಡು ಅಂತ? ಹುಳ ಕಂಡ್ರೆ ನಂಗ್ ಮೈಯೆಲ್ಲಾ ಜುಮ್ ಅಂತದೆ. ಒಳಗ್ ಬರ್ಬೇಡ ಅಂದಿದ್ದು ನಂಗೆ ಪುಣ್ಯ ಆಗಿತ್ತು."

ಹರಿತಾ ಪೆಚ್ಚಾದಳು. ಅಕ್ಕ ಬಾಗಿಲಾಚೆ ನೊಂದು ನಿಂತಿದ್ದಾಳೆ ಎಂದು ಅವಳೂ ಒಂದೇ ನೋಟದಲ್ಲಿ ತೀರ್ಮಾನಿಸಿದ್ದಳು. ಒಂದು ಮಾತು ಕೇಳಿರಲಿಲ್ಲ.

ಆಮೇಲೆ ಶಿರೀಷಾಳ ಧ್ವನಿ ಸಣ್ಣಗೆ ಬಂತು. "ಹುಳ ಹಾಳಾಗೋಗ್ಲಿ. ನನ್ ಕಾಲ್ಗುಣ ಸರಿ ಇಲ್ಲ ಅನ್ನೋ ಮಾತಿತ್ತಲ್ಲ, ಅದು ಹಂಗೇ ಇತ್ತು ಕಣೇ ಒಳಗೆ. ನಿಜವಾಗ್ಲೂ ಅತ್ತೇನೇ ಬಾ ಅಂದ್ರಾ?"

"ಅಂದೆ ಕಣಮ್ಮ, ಬಾ!" ಎಂದು ಅಕ್ಕಯ್ಯಮ್ಮ ಹಿಂದಿನಿಂದ ಕೂಗಿದರು. ಫೋನಿನ ಅಗತ್ಯವೇ ಇರಲಿಲ್ಲ, ಚಿಕ್ಕಬಳ್ಳಾಪುರಕ್ಕೆ ಹಾಗೆಯೇ ಕೇಳಿಸುತ್ತಿತ್ತೇನೋ.

ಮುಂದಿನ ಚಾಕಿಗೆ ಚೀಟಿ ಎತ್ತಿದಾಗ ಶಿರೀಷಾಳ ಹೆಸರೇ ಬಂತು. ಅವಳು ಬೆಳಗಿನ ಬಸ್ಸಿಗೆ ಬಂದಳು. ಬ್ಲೀಚಿಂಗ್ ನೀರಿನಲ್ಲಿ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಅಕ್ಕಯ್ಯಮ್ಮ ಒಳಗಿನಿಂದ ಬಂದು ಅವಳ ಮುಂಗೈ ಹಿಡಿದರು.

"ಬಾರಮ್ಮ. ನಾನ್ ಅವಾಗ್ಲೇ ಕರೀಬೇಕಿತ್ತು."

ಶಿರೀಷಾ ಕಣ್ಣು ಒರೆಸಿಕೊಂಡು ಹೊಸಿಲು ದಾಟಿದಳು. ತಟ್ಟೆಯ ಮುಂದೆ ನಿಂತು, ಹುಳುಗಳನ್ನು ನೋಡಿ, ಮತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಸೊಪ್ಪನ್ನು ಎರಡಡಿ ಎತ್ತರದಿಂದ ಉದುರಿಸಿ ಕೈ ಹಿಂದಕ್ಕೆಳೆದುಕೊಂಡಳು. ಅರ್ಧ ಸೊಪ್ಪು ತಟ್ಟೆಗೆ ಬಿತ್ತು, ಉಳಿದರ್ಧ ಅತ್ತೆಯ ಪಾದದ ಮೇಲೆ.

ಅಕ್ಕಯ್ಯಮ್ಮ ಪಾದದ ಮೇಲಿನ ಎಲೆ ಎತ್ತಿ ಹಿಡಿದರು. "ಹರಿತಮ್ಮ, ಇದನ್ನ ಯಾರ್ ಲೆಕ್ಕಕ್ಕೆ ಹಾಕೊಂತೀಯ? ಅವ್ಳದಾ, ನಂದಾ?"

"ಈಗ್ಲೇ ಹೇಳೋಕಾಗಲ್ಲ ಅತ್ತೆ," ಎಂದಳು ಹರಿತಾ, ಕೆಳಗೆ ಬಿದ್ದ ಸೊಪ್ಪನ್ನು ಗುಡಿಸುತ್ತ.